ಸವೆತವೂ ವ್ಯಕ್ತಿತ್ವವೂ

ಒಂದೇ ಅಚ್ಚಿನಲ್ಲಿ ಸಹಸ್ರ ಸಹಸ್ರವಾಗಿ ಎರಕಗೊಂಡು, ಒಂದೇ ಅಳತೆಗೆ ಕಡೆಯಲ್ಪಟ್ಟು, ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇರಿಸಿದರೂ ಬಾಧಕವಿಲ್ಲವೆಂಬ ಭರವಸೆಯೊಡನೆ ಕಾರ್ಖಾನೆಯಿಂದ ಹೊರಟ ಲೋಹಖಂಡವೊಂದು, ಅರ್ಧ ಶತಮಾನದ ತರುವಾಯ, ತಾನು ದುಡಿದ ಆ ಒಂದು ನೆಲೆಯಲ್ಲಲ್ಲದೆ ಬೇರೆಲ್ಲಿಯೂ ಸಲ್ಲದ ವಸ್ತುವಾಗಿ ಪರಿಣಮಿಸುವುದು ಹೇಗೆ? ಹುಟ್ಟಿನಲ್ಲಿ ಇಲ್ಲದಿದ್ದ ಪ್ರತ್ಯೇಕತೆ ಅದಕ್ಕೆ ಎಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ನನ್ನೆದುರಿಗಿಟ್ಟದ್ದು, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನ ಗ್ಯಾರೇಜಿನಲ್ಲಿ ಬಿಚ್ಚಿ ಹರಡಿದ್ದ ಒಂದು ಹಳೆಯ ಎಂಜಿನ್ನು. ಯಂತ್ರವಿದ್ಯೆಗೆ ಸೇರಿದ ಪ್ರಶ್ನೆಯೆಂದು ಮೊದಲಿಗೆ ತೋರಿದರೂ, ವಿಚಾರಿಸುತ್ತ ಹೋದಂತೆ ಇದು ನಮ್ಮ ದರ್ಶನಕಾರರು ಬಹುಕಾಲ ಚರ್ಚಿಸಿದ ತತ್ತ್ವಪ್ರಶ್ನೆಯೇ ಎಂದೂ, ಅವರು ಕೊಟ್ಟ ಉತ್ತರಗಳಲ್ಲಿ ಯಾವುದೊಂದೂ ಆ ಗ್ಯಾರೇಜಿನ ಮೇಜಿನ ಮೇಲಿದ್ದ ವಸ್ತುಗಳಿಗೆ ಪೂರ್ಣವಾಗಿ ಒಪ್ಪುವುದಿಲ್ಲವೆಂದೂ ನನಗೆ ಮನದಟ್ಟಾಯಿತು.

ಅಮೆರಿಕನ್ನರು ಮಸಲ್ ಕಾರು ಎಂದು ಕರೆಯುವ ವಾಹನಗಳ ವಿಷಯವಾಗಿ ಎರಡು ಮಾತು ಹೇಳದೆ ಮುಂದುವರಿಯುವಂತಿಲ್ಲ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲವನ್ನು ಮೀರಿದ ಎಂಜಿನ್ನು ಕೂಡದೆಂಬ ಕಟ್ಟಳೆ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ ಇದ್ದಾಗ್ಯೂ, 1964ರಲ್ಲಿ ಆ ಸಂಸ್ಥೆಯ ಪಾಂಟಿಯಾಕ್ ವಿಭಾಗದವರು ಟೆಂಪೆಸ್ಟ್ ಎಂಬ ತಮ್ಮ ಸಾಧಾರಣ ಕಾರಿನೊಳಕ್ಕೆ 389 ಘನ ಅಂಗುಲದ ಎಂಜಿನ್ನನ್ನು, ಗ್ರಾಹಕನು ಬಯಸಿದರೆ ಪಡೆಯಬಹುದಾದ ಹೆಚ್ಚುವರಿ ಸಲಕರಣೆಯ ರೂಪದಲ್ಲಿ ಕೂಡಿಸಿ, ಜಿ.ಟಿ.ಓ. ಎಂದು ಹೆಸರಿಟ್ಟರು, ಹಗುರವಾದ ಕಾರಿನಲ್ಲಿ ಭಾರಿ ಎಂಜಿನ್ನನ್ನಿರಿಸುವ ಈ ಕ್ರಮವನ್ನು ಉಳಿದ ಕಂಪನಿಗಳೂ ಅನುಸರಿಸಿದವು, ಹತ್ತು ವರ್ಷ ತುಂಬುವಷ್ಟರಲ್ಲಿ ಹೊಗೆಯ ನಿಯಂತ್ರಣದ ಕಾನೂನು, ಏರಿದ ವಿಮಾದರ, 1973ರ ತೈಲಸಂಕಟ ಇವು ಒಟ್ಟುಗೂಡಿ ಆ ಯುಗವನ್ನು ಮುಗಿಸಿದವು. ಅಂದು ತರುಣರಾಗಿದ್ದವರು ಈಗ ವೃದ್ಧರು. ಅವರು ಮುಚ್ಚಿಟ್ಟಿದ್ದ ಕಾರುಗಳು ಮೊಮ್ಮಕ್ಕಳ ವಯಸ್ಸಿನವರ ಕೈಗೆ ಬರುತ್ತಿವೆ. ನನ್ನ ಸೋದರಳಿಯ ಕೊಂಡದ್ದು 1970ರ ಶೆವ್ರೊಲೆ ಶೆವೆಲ್, ಎಂಟು ಸಿಲಿಂಡರಿನ 350 ಘನ ಅಂಗುಲದ ಎಂಜಿನ್ನುಳ್ಳದ್ದು. ಇಂಥ ಯಂತ್ರವನ್ನು ಸಮೂಲವಾಗಿ ಬಿಚ್ಚಿ ಮರಳಿ ಕಟ್ಟುವುದು ಅವನಿಗೆ ಇದೇ ಮೊದಲು.

ಬಿಚ್ಚುವುದಕ್ಕೆ ಮುಂಚೆ ಓದುವ ಕೆಲಸವಿದೆ. ಬ್ಲಾಕಿನ ಹಿಂಭಾಗದಲ್ಲಿ, ಗೇರ್ ಬಾಕ್ಸು ಬಂದು ಕೂಡುವ ಅಂಚಿನ ಮೇಲೆ, ಜಿಡ್ಡೂ ಮಣ್ಣೂ ಬೆರೆತು ಗಟ್ಟಿಯಾಗಿದ್ದ ಪದರವನ್ನು ಅವನು ತಂತಿಯ ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದಾಗ, ಉಬ್ಬಚ್ಚಿನಲ್ಲಿ 3970010 ಎಂಬ ಏಳು ಅಂಕೆಗಳು ಹೊರಬಿದ್ದವು. ಇದು ಎರಕದ ಸಂಖ್ಯೆ. 1969ರಿಂದ ತೊಡಗಿ ಮುಂದಿನ ದಶಕದ ಬಹುಭಾಗ, ಕಾರಿಗೂ ಟ್ರಕ್ಕಿಗೂ ಒಂದೇ ತೆರನಾಗಿ ಬಳಕೆಯಾದ 350 ಘನ ಅಂಗುಲದ ಅಸಂಖ್ಯಾತ ಬ್ಲಾಕುಗಳ ಮೈಮೇಲೆ ಇದೇ ಸಂಖ್ಯೆಯುಂಟು. ಆದಕಾರಣ ತಾರ್ಕಿಕರು ಜಾತಿಯೆಂದು ಕರೆಯುವುದನ್ನು ಅದು ತಿಳಿಸುತ್ತದೆಯೇ ಹೊರತು ವ್ಯಕ್ತಿಯನ್ನು ತಿಳಿಸದು. ಸಮೀಪದಲ್ಲಿಯೇ ಇನ್ನೊಂದು ಉಬ್ಬಚ್ಚು: ಒಂದು ಅಕ್ಷರ, ಆಮೇಲೆ ಒಂದೆರಡು ಅಂಕೆ, ಕೊನೆಗೆ ಬಿಡಿಯಾಗಿ ಒಂದು ಅಂಕೆ. ಅಕ್ಷರವು ತಿಂಗಳನ್ನು ಹೇಳುತ್ತದೆ, ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ; ನಡುವಣದು ಎರಕ ಹೊಯ್ದ ದಿನ; ಕಡೆಯದು ವರ್ಷದ ಕಡೆಯ ಅಂಕೆ. ಅಲ್ಲಿ ಸೊನ್ನೆಯಿದ್ದರೆ 1970 ಎಂದು ಓದಬಹುದು, 1980 ಎಂದೂ ಓದಬಹುದು. ಪ್ರತ್ಯಕ್ಷವು ಅಲ್ಲಿಗೆ ನಿಂತು ಅನುಮಾನಕ್ಕೆ ದಾರಿ ಬಿಡುತ್ತದೆ, ಅನುಮಾನವು ಸಾಲದೆ ಹೋದಾಗ ಹಳೆಯ ಕೈಪಿಡಿಗಳ ಆಪ್ತವಾಕ್ಯವೇ ಗತಿ. ಮೂರನೆಯ ಗುರುತು ಎಂಜಿನ್ನಿನ ಮುಂಭಾಗದಲ್ಲಿ, ಬಲಗಡೆಯ ಹೆಡ್ಡಿನ ಮುಂದೆ ಚಾಚಿಕೊಂಡಿರುವ ಕಿರಿದಾದ ಸಮತಲದ ಮೇಲೆ, ಏಟಿನಿಂದ ಒಳಕ್ಕೆ ಒತ್ತಿದ್ದು. ಮೊದಲಲ್ಲಿ ವಿ ಇದ್ದರೆ ಮಿಷಿಗನ್ನಿನ ಫ್ಲಿಂಟ್ ಪಟ್ಟಣದ ಕಾರ್ಖಾನೆ, ಟಿ ಇದ್ದರೆ ನ್ಯೂಯಾರ್ಕ್ ರಾಜ್ಯದ ಟೋನವಾಂಡ; ಬಳಿಕ ಎಂಜಿನ್ನು ಜೋಡಣೆಯಾದ ತಿಂಗಳು ಮತ್ತು ದಿನ; ಅದರ ಬಳಿಕ, ಯಾವ ಬಗೆಯ ಕಾರಿಗೆ, ಎಷ್ಟು ಶಕ್ತಿಗೆ, ಯಾವ ಗೇರ್ ಬಾಕ್ಸಿಗೆ ಎಂಬುದನ್ನು ಸೂಚಿಸುವ ಅಕ್ಷರಗಳು. ಅದರ ಬಳಿಯಲ್ಲೋ ಆಯಿಲ್ ಫಿಲ್ಟರಿನ ಮೇಲ್ಗಡೆಯೋ ಕಾರಿನ ಸ್ವಂತ ಕ್ರಮಸಂಖ್ಯೆಯ ಒಂದು ಭಾಗವೂ ಇರುತ್ತದೆ; ಕಾರಿನ ಮುಂಗಾಜಿನ ಒಳಗಡೆ ಕಾಣುವ ಫಲಕದ ಸಂಖ್ಯೆಯೊಡನೆ ಅದು ಹೊಂದಿಬಂದರೆ, ಈ ಎಂಜಿನ್ನು ಈ ಕಾರಿನೊಡನೆಯೇ ಕಾರ್ಖಾನೆಯನ್ನು ಬಿಟ್ಟಿತೆಂದು ತೀರ್ಮಾನ.

ಇಷ್ಟೆಲ್ಲ ಗುರುತು ಬೇಕಾದದ್ದು, ಭಾಗಗಳು ಒಂದನ್ನೊಂದು ಅಷ್ಟರಮಟ್ಟಿಗೆ ಹೋಲುತ್ತಿದ್ದುದರಿಂದ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲೆಂಡ್ಸ್ ಪಥದ ಬಳಿ, ರಾಯಲ್ ಆಟೊಮೊಬೈಲ್ ಕ್ಲಬ್ಬಿನವರ ಮೇಲ್ವಿಚಾರಣೆಯಲ್ಲಿ, ಮೂರು ಕ್ಯಾಡಿಲ್ಯಾಕ್ ಕಾರುಗಳನ್ನು ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನೆಲ್ಲ ಕಲಸಿ, ಕೆಲವನ್ನು ತೆಗೆದು ಅವುಗಳ ಬದಲಿಗೆ ಅಂಗಡಿಯ ದಾಸ್ತಾನಿನಿಂದ ತಂದವನ್ನು ಸೇರಿಸಿ, ಮತ್ತೆ ಮೂರು ಕಾರುಗಳನ್ನಾಗಿ ಕಟ್ಟಿ ಐನೂರು ಮೈಲಿ ಓಡಿಸಿದರು; ಮೂರೂ ಓಡಿದವು; ಕಂಪನಿಗೆ ಡ್ಯೂವಾರ್ ಪಾರಿತೋಷಕ ದೊರೆಯಿತು. ಯಾವ ಭಾಗಕ್ಕೂ ತನ್ನದೆಂಬ ಸ್ಥಾನವಿಲ್ಲ, ಅಳತೆಯೊಂದೇ ಅದರ ಅರ್ಹತೆ ಎಂಬ ಸಿದ್ಧಾಂತ ಅಂದು ಜಗತ್ತಿನ ಕಣ್ಣೆದುರಿಗೆ ಸ್ಥಾಪಿತವಾಯಿತು. ಅಮೆರಿಕದ ಯಂತ್ರನಾಗರಿಕತೆಯೆಲ್ಲ ಈ ಸಿದ್ಧಾಂತದ ಮೇಲೆ ನಿಂತಿದೆ. ಶೆವ್ರೊಲೆಯವರು ಇದನ್ನು ಎಷ್ಟು ಸ್ವತಂತ್ರವಾಗಿ ಬಳಸಿಕೊಂಡರೆಂದರೆ, 1967ರಲ್ಲಿ ಐದು ಲೀಟರಿನ ಮಿತಿಯುಳ್ಳ ಟ್ರಾನ್ಸ್-ಆಮ್ ಪಂದ್ಯಗಳಿಗೆ ಎಂಜಿನ್ನೊಂದು ಬೇಕಾದಾಗ, 327 ಘನ ಅಂಗುಲದ ಎಂಜಿನ್ನಿನ ನಾಲ್ಕು ಅಂಗುಲ ಅಗಲದ ಸಿಲಿಂಡರಿಗೆ 283 ಘನ ಅಂಗುಲದ ಎಂಜಿನ್ನಿನ ಮೂರು ಅಂಗುಲ ನಡೆಯ ಕ್ರ್ಯಾಂಕನ್ನು ಕೂಡಿಸಿ 302 ಘನ ಅಂಗುಲದ ಮೂರನೆಯದೊಂದನ್ನು ಹುಟ್ಟಿಸಿದರು. ಕ್ಯಮಾರೊ ಜೆಡ್-28 ಕಾರಿನ ಕೀರ್ತಿಗೆ ಕಾರಣವಾದ ಎಂಜಿನ್ನು ಅದು.

ಹುಟ್ಟಿನ ವಿಷಯ ಹೀಗೆ. ಬಾಳಿದ ಬಳಿಕ ಏನಾಗುತ್ತದೆಂಬುದನ್ನು ನಾನು ಕಂಡದ್ದು ಬಿಚ್ಚುವ ಕೆಲಸ ಮೊದಲಾದ ಮೇಲೆ. ಅವನು ಒಂದೊಂದು ಭಾಗವನ್ನು ಹೊರತೆಗೆದಂತೆಲ್ಲ ಒರೆಸಿ, ಚೀಟಿ ಬರೆದು ಕಟ್ಟಿ, ಎದುರಿನ ಮೇಜಿನ ಮೇಲೆ ಅದು ಎಂಜಿನ್ನಿನಲ್ಲಿದ್ದ ಕ್ರಮದಲ್ಲಿಯೇ ಇರಿಸುತ್ತಿದ್ದನು. ಹದಿನಾರು ಟ್ಯಾಪೆಟ್ಟುಗಳಿಗೆಂದು ಮರದ ಹಲಗೆಯಲ್ಲಿ ಹದಿನಾರು ಕುಳಿ ಕೊರೆದು, ಪ್ರತಿಯೊಂದರ ಪಕ್ಕದಲ್ಲಿಯೂ ಸಂಖ್ಯೆ ಬರೆದಿದ್ದನು. ನನ್ನ ಕಣ್ಣಿಗೆ ಹದಿನಾರೂ ಒಂದೇ ಆಗಿದ್ದುದರಿಂದ, ಸವೆದವನ್ನು ಬಿಸುಟು ಚೆನ್ನಾಗಿರುವವನ್ನು ಆರಿಸಿಕೊಂಡರೆ ಸಾಲದೆ ಎಂದು ಕೇಳಿದೆ. “ಮಾವ, ಚೆನ್ನಾಗಿದೆಯೋ ಇಲ್ವೋ ಅನ್ನೋದು ಆಮೇಲಿನ ಮಾತು. ಎಲ್ಲಿದ್ದದ್ದು ಅಂತ ಗೊತ್ತಿಲ್ಲದೆ ಹೋದ್ರೆ ಚೆನ್ನಾಗಿದ್ದೂ ಪ್ರಯೋಜನವಿಲ್ಲ,” ಎಂದನು.

ಅವನ ಮಾತಿನ ಅರ್ಥ ಹೀಗಿದೆ. ಕ್ಯಾಮ್ ಶಾಫ್ಟಿನ ಹದಿನಾರು ಕ್ಯಾಮುಗಳಲ್ಲಿ ಒಂದೊಂದರ ಮೇಲೆ ಒಂದೊಂದು ಟ್ಯಾಪೆಟ್ಟು ಕುಳಿತಿರುತ್ತದೆ. ಕ್ಯಾಮು ತಿರುಗಿದಾಗ ಅದು ಮೇಲಕ್ಕೆದ್ದು, ಪುಶ್ ರಾಡನ್ನು ತಳ್ಳಿ, ರಾಕರಿನ ಮೂಲಕ ವಾಲ್ವನ್ನು ತೆರೆಯುತ್ತದೆ. ಟ್ಯಾಪೆಟ್ಟಿನ ತಳ ಚಪ್ಪಟೆಯೆಂದು ತೋರಿದರೂ ನಿಜವಾಗಿ ಅತಿ ಸೂಕ್ಷ್ಮವಾಗಿ ಉಬ್ಬಿರುತ್ತದೆ. ಕ್ಯಾಮಿನ ಮೈಯೂ ಒಂದು ಪಕ್ಕಕ್ಕೆ ಅಷ್ಟೇ ಸೂಕ್ಷ್ಮವಾಗಿ ಓರೆಯಾಗಿರುತ್ತದೆ. ಇವೆರಡರ ಫಲವಾಗಿ ಟ್ಯಾಪೆಟ್ಟು ಏರಿಳಿಯುವುದರ ಜತೆಗೆ ತನ್ನ ಸುತ್ತ ತಾನು ತಿರುಗುತ್ತಲೂ ಇದ್ದು, ಸವೆತವನ್ನು ಸುತ್ತಲೂ ಸಮನಾಗಿ ಹಂಚಿಕೊಳ್ಳುತ್ತದೆ. ಹೀಗೆ ಕೋಟಿಗಟ್ಟಲೆ ಸಲ ಒಂದನ್ನೊಂದು ಒತ್ತಿ ಉಜ್ಜಿ, ಈ ಕ್ಯಾಮಿನ ಮೈಗೆ ಈ ಟ್ಯಾಪೆಟ್ಟಿನ ತಳ, ಆ ತಳಕ್ಕೆ ಈ ಮೈ ಹೊಂದಿಕೊಳ್ಳುತ್ತವೆ. ಬೀಸುವ ಕಲ್ಲಿನ ಮೇಲ್ಗಲ್ಲೂ ಕೆಳಗಲ್ಲೂ ಬಹುಕಾಲ ಒಟ್ಟಿಗೆ ತಿರುಗಿ ಒಂದರ ಮೈಯನ್ನು ಒಂದು ತಿದ್ದಿಕೊಂಡ ಮೇಲೆ, ಬೇರೆ ಮನೆಯ ಮೇಲ್ಗಲ್ಲನ್ನು ತಂದಿಟ್ಟರೆ ಹಿಟ್ಟು ನುಣ್ಣಗಾಗದೆ ತರಿಯಾಗುವುದನ್ನು ನಮ್ಮ ಹಿರಿಯರು ಬಲ್ಲರು. ಇಲ್ಲಿ ಅದಕ್ಕಿಂತ ಘೋರವಾದ ಫಲವುಂಟು: ತನ್ನದಲ್ಲದ ಕ್ಯಾಮಿನ ಮೇಲೆ ಕೂತ ಹಳೆಯ ಟ್ಯಾಪೆಟ್ಟು ಅಲ್ಪಕಾಲದಲ್ಲಿಯೇ ತಾನೂ ಕೆಟ್ಟು ಅದನ್ನೂ ಕೆಡಿಸಿ, ಉದುರಿದ ಲೋಹದ ಪುಡಿಯನ್ನು ಎಣ್ಣೆಯೊಡನೆ ಎಂಜಿನ್ನಿನ ಬೇರಿಂಗುಗಳಿಗೆಲ್ಲ ಮುಟ್ಟಿಸುತ್ತದೆ. ಅವನು ಎರಡು ಟ್ಯಾಪೆಟ್ಟುಗಳನ್ನು ತಳಕ್ಕೆ ತಳ ತಾಗಿಸಿ ಹಿಡಿದು ಅಲುಗಿಸಿ ತೋರಿಸಿದನು. ಉಬ್ಬು ಉಳಿದಿದ್ದ ಜೋಡಿ ಬೆರಳುಗಳ ನಡುವೆ ನಸುವಾಗಿ ಹೊರಳಾಡಿತು. ಮತ್ತೊಂದು ಜೋಡಿ ಅಲುಗದೆ ನಿಂತಿತು, ಅವುಗಳಲ್ಲೊಂದರ ತಳದ ಮೇಲೆ ಉಕ್ಕಿನ ಪಟ್ಟಿಯ ಅಂಚನ್ನಿರಿಸಿ ದೀಪಕ್ಕೆ ಹಿಡಿದಾಗ ನಡುವೆ ಬೆಳಕು ಇಣುಕಿತು. ಅದು ಒಳಕ್ಕೆ ಕುಳಿಬಿದ್ದಿತ್ತು. ಅಂಥದ್ದಕ್ಕೆ ಗುಜರಿಯೇ ಗತಿ.

ಇದೇ ನ್ಯಾಯ ಬೇರೆ ಭಾಗಗಳಿಗೂ ಸಲ್ಲುತ್ತದೆ, ಆದರೆ ಎಲ್ಲದಕ್ಕೂ ಸಲ್ಲದು. ಕ್ರ್ಯಾಂಕನ್ನು ಹಿಡಿದಿರುವ ಐದು ಕ್ಯಾಪುಗಳನ್ನು ಬ್ಲಾಕಿಗೆ ಬಿಗಿದು, ಬ್ಲಾಕನ್ನೂ ಕ್ಯಾಪುಗಳನ್ನೂ ಒಟ್ಟಿಗೆ ಒಂದೇ ಓಟದಲ್ಲಿ ಕೊರೆದಿರುತ್ತಾರಾದ್ದರಿಂದ, ಅವು ಅದೇ ಬ್ಲಾಕಿಗೆ, ಅದೇ ಸ್ಥಾನಕ್ಕೆ, ಅದೇ ಮುಖವಾಗಿ ಮರಳತಕ್ಕದ್ದು. ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ ಹಾಗೆಯೇ. ವಾಟರ್ ಪಂಪಿನ ಬೋಲ್ಟಿಗೆ ಈ ನಿಯಮವಿಲ್ಲ. ಆಯಿಲ್ ಪಂಪು, ಟೈಮಿಂಗ್ ಚೈನು, ರಿಂಗು, ಗ್ಯಾಸ್ಕೆಟ್ಟು ಇವುಗಳನ್ನು ಯಾರೂ ಮರುಬಳಕೆಗೆ ಯೋಚಿಸುವುದೇ ಇಲ್ಲ.

ಈಗ ದರ್ಶನಗಳ ಕಡೆಗೆ ತಿರುಗೋಣ. ಮಿಲಿಂದರಾಜನ ಮುಂದೆ ನಾಗಸೇನ ಭಿಕ್ಷುವು ರಥದ ದೃಷ್ಟಾಂತವನ್ನು ಎತ್ತಿದ್ದು ಪ್ರಸಿದ್ಧವಾಗಿದೆ: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ, ಇವೆಲ್ಲವನ್ನು ಬಿಟ್ಟು ಬೇರೆ ರಥವೆಂಬುದೂ ಇಲ್ಲ, ಭಾಗಗಳು ಕೂಡಿದ್ದನ್ನು ಆಶ್ರಯಿಸಿ ನಾವು ಇಟ್ಟ ವ್ಯವಹಾರದ ಹೆಸರಷ್ಟೆ ರಥ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಗಳಿಗಿಂತ ಬೇರೆಯಾದ, ಅವುಗಳಲ್ಲಿ ಸಮವಾಯ ಸಂಬಂಧದಿಂದ ನೆಲೆಸಿರುವ ಅವಯವಿ ಎಂಬ ವಸ್ತು ನಿಜವಾಗಿ ಉಂಟೆಂದು ಅವರ ಪಕ್ಷ. ಆದರೆ ಆ ಪಕ್ಷದ ಕಟ್ಟುನಿಟ್ಟಾದ ಫಲವೇನೆಂದರೆ, ಅವಯವವೊಂದು ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದೊಂದು ಹುಟ್ಟುತ್ತದೆ. ಹರಿದ ಬಟ್ಟೆ ಹಿಂದಿನ ಬಟ್ಟೆಯಲ್ಲ, ಖಂಡಪಟವೆಂಬ ಬೇರೆ ದ್ರವ್ಯ. ಹೀಗಾದರೆ ಒಂದು ಗ್ಯಾಸ್ಕೆಟ್ಟು ಬದಲಾದ ಕ್ಷಣದಲ್ಲಿ ಎಂಜಿನ್ನು ಬೇರೆಯಾಗಬೇಕು. ಅತ್ತ ಗ್ರೀಕರಲ್ಲಿ ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೆ ಅದು ಅದೇ ಹಡಗೇ ಎಂಬ ವಿವಾದವನ್ನು ಪ್ಲುಟಾರ್ಕನು ದಾಖಲೆ ಮಾಡಿದ್ದಾನೆ. 1655ರಲ್ಲಿ ಆಂಗ್ಲ ತತ್ತ್ವಜ್ಞ ಥಾಮಸ್ ಹಾಬ್ಸನು, ತೆಗೆದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ ಎರಡು ಹಡಗುಗಳಲ್ಲಿ ಯಾವುದು ನಿಜವಾದದ್ದೆಂದು ಕೇಳಿ ವಿವಾದವನ್ನು ಇನ್ನಷ್ಟು ಹರಿತಗೊಳಿಸಿದನು. ಹಾಬ್ಸನು ಕಲ್ಪಿಸಿದ್ದು ಮಸಲ್ ಕಾರಿನ ಲೋಕದಲ್ಲಿ ನಿತ್ಯದ ಸಂಗತಿ. ಒಂದು ಕಾರಿನಿಂದ ತೆಗೆದ ಕ್ರ್ಯಾಂಕು ಇನ್ನೊಂದರಲ್ಲಿ, ಅದರ ಹೆಡ್ಡು ಮತ್ತೊಂದರಲ್ಲಿ, ಮಾರಾಟದಿಂದ ಮಾರಾಟಕ್ಕೆ ಸಂಚರಿಸುತ್ತಲೇ ಇರುತ್ತವೆ.

ಈ ವಾದಗಳೆಲ್ಲವೂ ಭಾಗಕ್ಕೂ ಇಡಿಗೂ ಇರುವ ಸಂಬಂಧವನ್ನು ಕುರಿತವು. ಟ್ಯಾಪೆಟ್ಟುಗಳ ಹಲಗೆಯ ಮುಂದೆ ಕುಳಿತವನಿಗೆ ಮುಖ್ಯವಾಗಿ ತೋರುವುದು ಭಾಗಕ್ಕೂ ಭಾಗಕ್ಕೂ ಇರುವ ಸಂಬಂಧ. ವೈಶೇಷಿಕರು ಇದರ ಹತ್ತಿರಕ್ಕೆ ಬಂದಿದ್ದರು. ಸಜಾತೀಯವಾದ ಎರಡು ಪರಮಾಣುಗಳು ಗುಣದಲ್ಲಿ ಒಂದೇ ಆಗಿದ್ದರೂ ಎರಡಾಗಿರುವುದು ಹೇಗೆಂದು ಕೇಳಿಕೊಂಡು, ಪ್ರತಿ ಪರಮಾಣುವಿನಲ್ಲಿಯೂ ವಿಶೇಷ ಎಂಬ ಒಂದು ಪದಾರ್ಥವನ್ನು ಅವರು ಒಪ್ಪಿದರು. ಆ ವಿಶೇಷವು ನಿತ್ಯವಾದದ್ದು, ಮತ್ತಾವುದರಿಂದಲೂ ಬಂದದ್ದಲ್ಲ, ನಿತ್ಯದ್ರವ್ಯಗಳಲ್ಲಿ ಮಾತ್ರ ಇರತಕ್ಕದ್ದು. ಈ ಉತ್ತರದ ಗಾಂಭೀರ್ಯಕ್ಕೆ ತಲೆಬಾಗುತ್ತ, ನಾನು ಕಂಡ ಲೋಹಕ್ಕೆ ಅದು ತಲೆಕೆಳಗಾಗಿ ಅನ್ವಯಿಸುತ್ತದೆಂದು ಹೇಳಬೇಕಾಗಿದೆ. ಫ್ಲಿಂಟಿನಿಂದ ಹೊರಟಂದು ಹದಿನಾರು ಟ್ಯಾಪೆಟ್ಟುಗಳಲ್ಲಿ ವಿಶೇಷವೆಂಬುದು ಇರಲಿಲ್ಲ. ಅದು ಬಂದದ್ದು ಕಾಲದಿಂದ, ಕರ್ಮದಿಂದ, ಇನ್ನೊಂದರ ಸಂಸರ್ಗದಿಂದ; ನಿತ್ಯವಾದ ಅಂತಸ್ಸಾರದಲ್ಲಿರದೆ, ಅನಿತ್ಯವಾದ ಮೇಲ್ಮೈಯಲ್ಲಿ, ಅಂಗುಲದ ಸಾವಿರದಲ್ಲೊಂದಂಶದ ಆಳದಲ್ಲಿ ಅದು ನೆಲೆಸಿದೆ. ವಸ್ತುವು ಜಾತಿಯಾಗಿ ಹುಟ್ಟಿ, ಇನ್ನೊಂದರೊಡನೆ ದುಡಿದು, ವ್ಯಕ್ತಿಯಾಗುತ್ತದೆ. ತನ್ನೊಳಗೆ ಏನನ್ನೋ ಸೇರಿಸಿಕೊಂಡು ಹೀಗಾಗುವುದೂ ಅಲ್ಲ. ತನ್ನಲ್ಲಿದ್ದುದನ್ನು ಕಳೆದುಕೊಂಡು, ಕಳೆದುಕೊಂಡ ಆಕಾರದಲ್ಲಿ ಮತ್ತೊಂದಕ್ಕೆ ಎಡೆಕೊಟ್ಟು, ಅದು ಪ್ರತ್ಯೇಕವಾಗುತ್ತದೆ.

ಮನುಷ್ಯನ ವಿಷಯದಲ್ಲಿ ಇದು ಎಷ್ಟು ದೂರ ಸಲ್ಲುತ್ತದೆಂಬುದು ನನ್ನನ್ನು ಬಹಳವಾಗಿ ಕಾಡಿದ ಯೋಚನೆ. ನನ್ನ ಅಕ್ಕ ಮೈಸೂರಿನ ಒಂದೇ ಬೀದಿಯಲ್ಲಿ ಬಾಳಿದವಳು. ಭಾವನವರು ತೀರಿಕೊಂಡ ಬಳಿಕ ಮಗನ ಮನೆಗೆ ಬಂದಿದ್ದಾಳೆ. ಇಲ್ಲಿಯೂ ಅನ್ನವುಂಟು, ಆದರವುಂಟು, ದೇವರಮನೆಯುಂಟು. ಸೊಸೆ ಅವಳನ್ನು ತಾಯಿಯಂತೆ ನೋಡಿಕೊಳ್ಳುತ್ತಾಳೆ. ಆದರೆ ಬೆಳಗ್ಗೆ ಬಾಗಿಲು ತೆರೆದೊಡನೆ ಎದುರುಮನೆಯವರು ಕೇಳುತ್ತಿದ್ದ ಪ್ರಶ್ನೆ ಇಲ್ಲಿ ಇಲ್ಲ. ಆ ಪ್ರಶ್ನೆಗೆ ಹೇಳಿ ಹೇಳಿ ನುಣುಪಾಗಿದ್ದ ಉತ್ತರಕ್ಕೆ ಇಲ್ಲಿ ಸ್ಥಳವಿಲ್ಲ. ಅಳತೆಯಲ್ಲಿ ಈ ಮನೆ ಆ ಮನೆಗಿಂತ ಕಡಮೆಯಾದುದಲ್ಲ, ಅಳತೆಯಿಂದ ನೋಡುವವನು ಅವಳಿಗೆ ಇಲ್ಲಿ ಯಾವುದಕ್ಕೆ ಕೊರತೆಯೆಂದು ಕೇಳಬಹುದು. ಹೀಗೆ ಸ್ಥಾನಾಂತರಗೊಂಡ ವೃದ್ಧರು ನಮ್ಮವರಲ್ಲಿ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ, ಅವರ ಮೌನವನ್ನು ನಾವು ವಯೋಧರ್ಮವೆಂದು ಭಾವಿಸಿ ಸುಮ್ಮನಾಗುತ್ತೇವೆ. ಅವರ ಆರೋಗ್ಯವನ್ನು ವಿಚಾರಿಸುವುದಕ್ಕೆ ಮುಂಚೆ, ಅವರು ಎಲ್ಲಿದ್ದವರು, ಯಾರೊಡನೆ ಸವೆದವರು ಎಂಬುದನ್ನು ವಿಚಾರಿಸತಕ್ಕದ್ದೆಂದು ನನಗೆ ಈಗ ದೃಢವಾಗಿ ತೋರುತ್ತದೆ.

ವೇದಾಂತಿಯು ಇಲ್ಲಿ ಆಕ್ಷೇಪಿಸದೆ ಇರನು. ಸಂಸರ್ಗದಿಂದ ಬಂದ ಪ್ರತ್ಯೇಕತೆ ಉಪಾಧಿಯಷ್ಟೆ; ಉಪಾಧಿಯನ್ನು ಕಳಚಿದಾಗ ಉಳಿಯುವುದು ನಿರ್ವಿಶೇಷವಾದ ಒಂದೇ ವಸ್ತು; ಸವೆತದ ಗುರುತುಗಳನ್ನು ಆತ್ಮವೆಂದು ಅಪ್ಪಿಕೊಳ್ಳುವುದೇ ಅವಿದ್ಯೆ ಎನ್ನುವನು. ಪರಮಾರ್ಥದಲ್ಲಿ ಈ ಆಕ್ಷೇಪವನ್ನು ನಾನು ನಿರಾಕರಿಸೆ. ಕುಲುಮೆಗೆ ಹಾಕಿದ ದಿನ ಹದಿನಾರು ಟ್ಯಾಪೆಟ್ಟುಗಳೂ ಒಂದೇ ಕಬ್ಬಿಣವಾಗುವವು. ಆದರೆ ಕುಲುಮೆಯ ಸತ್ಯವನ್ನು ಮುಂದಿಟ್ಟುಕೊಂಡು ಹಲಗೆಯ ಮೇಲಿನ ಸಂಖ್ಯೆಗಳನ್ನು ಅಳಿಸಿದವನು ಎಂಜಿನ್ನನ್ನು ಕೆಡಿಸುವನು. ವ್ಯವಹಾರದಲ್ಲಿ ಇರುವಷ್ಟು ಕಾಲವೂ ವ್ಯವಹಾರದ ಭೇದವನ್ನು ಗೌರವಿಸಬೇಕೆಂಬುದನ್ನು ಅದ್ವೈತಿಗಳೂ ಅಲ್ಲಗಳೆದವರಲ್ಲ.

ಸವೆತವನ್ನು ಹೀಗೆ ಹೊಗಳುತ್ತ ಅದರ ಇನ್ನೊಂದು ಮುಖವನ್ನು ಮರೆಯಲಾಗದು. ವ್ಯಕ್ತಿತ್ವವನ್ನು ಕೊಡುವ ಘರ್ಷಣೆಯೇ ಅದನ್ನು ಕೊನೆಗಾಣಿಸುವುದೂ ಹೌದು. ಸಿಲಿಂಡರಿನ ಮೇಲ್ತುದಿಯಲ್ಲಿ, ಪಿಸ್ಟನ್ ರಿಂಗು ಮುಟ್ಟುವ ಎಲ್ಲೆಯಿಂದ ಮೇಲಕ್ಕೆ, ಹುಟ್ಟಿದಂದಿನ ಅಳತೆಯೇ ಉಳಿದಿರುವ ಒಂದು ಕಿರುಪಟ್ಟಿಯಿರುತ್ತದೆ. ಅದರ ಕೆಳಗೆ ಗೋಡೆ ಸವೆದು ಒಳಸರಿದಿರುತ್ತದೆ. ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದರೆ ಆ ಏಣಿಗೆ ಸಿಕ್ಕಿಕೊಳ್ಳುತ್ತದೆ. ಸವೆತ ಮಿತಿಮೀರಿದ್ದಲ್ಲಿ ಬೋರ್ ಮಾಡಿಸಬೇಕು. ನಾಲ್ಕು ಅಂಗುಲದ ಸಿಲಿಂಡರನ್ನು 0.030 ಅಂಗುಲದಷ್ಟು ಅಗಲಿಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನನ್ನು ಹಾಕುವುದು ವಾಡಿಕೆ. ಹಾಗೆ ಅಗಲಿಸಿದಾಗ ಹಿಂದಿನ ಬಾಳಿನ ಗುರುತೆಲ್ಲ ಮಾಯವಾಗಿ, ಸಿಲಿಂಡರು ಮತ್ತೆ ವ್ಯಕ್ತಿತ್ವವಿಲ್ಲದ, ಯಾವ ಪಿಸ್ಟನ್ನಿಗಾದರೂ ಸಲ್ಲುವ ಶುದ್ಧವಾದ ಅಳತೆಯಾಗುತ್ತದೆ. ಪುನರ್ಜನ್ಮವೆಂದರೆ ಇದೇ ಎನ್ನಬಹುದು, ಆದರೆ ಬೆಲೆಯಿಲ್ಲದೆ ದೊರೆಯುವ ಪುನರ್ಜನ್ಮವಲ್ಲ. ಪ್ರತಿಸಲವೂ ಗೋಡೆ ತೆಳುವಾಗುತ್ತದೆ, ಈ ಬ್ಲಾಕಿನಲ್ಲಿ 0.060 ಅಂಗುಲವನ್ನು ಮೀರುವುದಕ್ಕೆ ಬಲ್ಲವರು ಅಂಜುತ್ತಾರೆ. ಕ್ರ್ಯಾಂಕಿನ ಜರ್ನಲ್ಲುಗಳನ್ನು ಅರೆಯಿಸುವುದೂ ಹೀಗೆಯೇ, 0.010, 0.020, 0.030 ಎಂದು ಲೆಕ್ಕವಿಟ್ಟ ಜನ್ಮಗಳು. ಬಿರುಕು ಬಿಟ್ಟದ್ದಕ್ಕೆ ಅದೂ ಇಲ್ಲ. ಭಾಗವನ್ನು ಅಯಸ್ಕಾಂತೀಕರಿಸಿ, ಅದರ ಮೇಲೆ ಕಬ್ಬಿಣದ ನುಣುಪಾದ ಪುಡಿಯನ್ನು ಹರಡಿದರೆ, ಬರಿಗಣ್ಣಿಗೆ ಕಾಣದ ಬಿರುಕಿನ ಬಾಯಲ್ಲಿ ಪುಡಿ ಬಂದು ಕೂಡಿ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆಯನ್ನು ಕಂಡ ಮೇಲೆ ಆಸೆಗೆ ಎಡೆಯಿಲ್ಲ. ನನ್ನ ಸೋದರಳಿಯನ ಒಂದು ಹೆಡ್ಡಿನಲ್ಲಿ, ಎರಡು ವಾಲ್ವುಗಳ ನಡುವೆ, ಅಂಥ ಗೆರೆ ಕಾಣಿಸಿತು. ಹೊರನೋಟಕ್ಕೆ ಎರಡು ಹೆಡ್ಡುಗಳಲ್ಲಿ ಚೆನ್ನಾಗಿದ್ದುದು ಅದೇ. ಉಳಿದ ಹೆಡ್ಡಿನಲ್ಲಿಯೂ ವಾಲ್ವು ಕೂರುವ ಪೀಠಗಳನ್ನು ಬದಲಿಸಿ ಗಟ್ಟಿ ಲೋಹದ ಉಂಗುರಗಳನ್ನು ಕೂರಿಸಬೇಕಾಯಿತು. ಆ ಪೀಠಗಳಲ್ಲಿ ದೋಷವೇನೂ ಇರಲಿಲ್ಲ, ಅವುಗಳನ್ನು ಕಾಪಾಡುತ್ತಿದ್ದ ಸೀಸ ಬೆರೆತ ಪೆಟ್ರೋಲು ಲೋಕದಿಂದ ಹೊರಟುಹೋಗಿತ್ತು. ಯೋಗ್ಯತೆಯೆಂಬುದು ದೇಶಕಾಲಗಳನ್ನು ಅಷ್ಟೊಂದು ಅವಲಂಬಿಸಿದೆ.

ನಮ್ಮ ಆಗಮಗಳಲ್ಲಿ ಜೀರ್ಣೋದ್ಧಾರಕ್ಕೆ ವಿಧಿಯುಂಟು. ದೇಗುಲವನ್ನು ಸರಿಪಡಿಸುವಷ್ಟು ಕಾಲ ದೇವತಾಸಾನ್ನಿಧ್ಯವನ್ನು ಬಾಲಾಲಯಕ್ಕೆ ಕರೆದು ಪೂಜಿಸುತ್ತಾರೆ. ಅಲ್ಪಸ್ವಲ್ಪ ಭಂಗವಾದ ಬಿಂಬವನ್ನು ತಿದ್ದಿ ಉಳಿಸಿಕೊಳ್ಳಬಹುದು, ಪ್ರಧಾನಾಂಗವೇ ಭಗ್ನವಾದದ್ದನ್ನು ವಿಧಿಪೂರ್ವಕವಾಗಿ ನೀರಿನಲ್ಲಿ ಬಿಡತಕ್ಕದ್ದು. ಹಳೆಯದೆಂಬ ಕಾರಣದಿಂದ ಬಿಸುಡುವುದೂ ಇಲ್ಲ, ಹಳೆಯದೆಂಬ ಕಾರಣದಿಂದ ಉಳಿಸಿಕೊಳ್ಳುವುದೂ ಇಲ್ಲ. ಮಸಲ್ ಕಾರಿನ ಪೇಟೆಯಲ್ಲಿ ಈ ವಿವೇಕ ಎಲ್ಲೆಡೆಯೂ ಉಳಿದಿಲ್ಲವೆಂದು ವ್ಯಸನಪಡುತ್ತೇನೆ. ಕಾರಿನೊಡನೆ ಸಂಖ್ಯೆ ಹೊಂದುವ ಎಂಜಿನ್ನಿಗೆ ಬೆಲೆ ಬಹಳ ಹೆಚ್ಚು. ಸಂಖ್ಯೆಯಿರುವುದೋ ಹೆಡ್ಡು ಕೂಡುವ ಮೇಲ್ಮೈಯ ಸಮತಲದಲ್ಲಿಯೇ, ಆದ್ದರಿಂದ ಆ ಮೇಲ್ಮೈಯನ್ನು ಸಮಮಾಡಲು ತೆಳುವಾಗಿ ತರೆದರೆ ಸಂಖ್ಯೆಯೂ ತರೆದುಹೋಗುತ್ತದೆ. ಸೂಕ್ಷ್ಮಬುದ್ಧಿಯ ಕೆಲಸಗಾರರು ಆ ಅಂಚಿನ ಬಳಿಗೆ ಬಂದೊಡನೆ ಯಂತ್ರವನ್ನು ನಿಲ್ಲಿಸಿ ಸಂಖ್ಯೆಯನ್ನು ಉಳಿಸಿಕೊಡುತ್ತಾರೆ. ದುರಾಶೆಯವರು ಬೇರೆ ಬ್ಲಾಕನ್ನು ತರೆದು ಬೇಕಾದ ಸಂಖ್ಯೆಯನ್ನು ಹೊಸದಾಗಿ ಒತ್ತುತ್ತಾರೆ. ಕಾರ್ಖಾನೆಯ ಯಂತ್ರವು ಆ ಸಮತಲದ ಮೇಲೆ ಬಿಟ್ಟುಹೋದ ಸೂಕ್ಷ್ಮವಾದ ಸಮಾಂತರ ಗೆರೆಗಳು ಅಲ್ಲಿ ಇವೆಯೇ ಎಂದು ಭೂತಗನ್ನಡಿ ಹಿಡಿದು ನೋಡುವ ಪರೀಕ್ಷಕರಿಗೆ ಈ ಮೋಸ ತಿಳಿದುಬಿಡುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ಆ ಮೋಸದ ಹಿಂದೆ ತತ್ತ್ವದ ತಪ್ಪೊಂದಿದೆ: ವಸ್ತುವಿನ ನಿಜವು ಅದರ ಹುಟ್ಟಿನ ಗುರುತಿನಲ್ಲಿದೆಯೆಂಬ ನಂಬಿಕೆ. ಹುಟ್ಟಿನ ಗುರುತನ್ನು ಒಂದು ಸುತ್ತಿಗೆಯ ಏಟಿನಿಂದ ಸುಳ್ಳಾಗಿಸಬಹುದು. ಕ್ಯಾಮಿನ ಮೈಗೆ ಟ್ಯಾಪೆಟ್ಟಿನ ತಳ ಹೊಂದಿರುವುದನ್ನು ಯಾರೂ ಒತ್ತಿ ಮೂಡಿಸಲಾರರು, ದುಡಿದಲ್ಲದೆ ಅದು ಬಾರದು.

ಕಡೆಗೆ ಅವನು ಉಳಿಸಿಕೊಂಡದ್ದು ಬ್ಲಾಕು, ಕ್ಯಾಪುಗಳು, ಅರೆಯಿಸಿದ ಕ್ರ್ಯಾಂಕು, ಹೊಸ ಬೋಲ್ಟು ಹಾಕಿಸಿದ ಎಂಟು ಕನೆಕ್ಟಿಂಗ್ ರಾಡು, ಒಂದು ಹೆಡ್ಡು. ಕ್ಯಾಮ್ ಶಾಫ್ಟಿನಲ್ಲಿ ಎರಡು ಕ್ಯಾಮುಗಳು ಚಪ್ಪಟೆಯಾಗಿದ್ದುದರಿಂದ ಅದನ್ನು ಬಿಡಬೇಕಾಯಿತು, ಅದರೊಡನೆ ಹದಿನಾರು ಟ್ಯಾಪೆಟ್ಟುಗಳನ್ನೂ. ಹಳೆಯವುಗಳಲ್ಲಿ ಒಂಬತ್ತು ಇನ್ನೂ ನಿರ್ದುಷ್ಟವಾಗಿದ್ದವು, ಆದರೆ ಅವುಗಳ ಜತೆಗಾರರು ಹೋದ ಮೇಲೆ ಹೊಸ ಕ್ಯಾಮುಗಳ ಮೇಲೆ ಅವುಗಳಿಗೆ ಸ್ಥಾನವಿರಲಿಲ್ಲ. ಹೊಸ ಕ್ಯಾಮ್ ಶಾಫ್ಟಿನ ವಿಷಯದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಕ್ಯಾಮುಗಳಿಗೂ ಟ್ಯಾಪೆಟ್ಟುಗಳ ತಳಕ್ಕೂ ಗಟ್ಟಿಯಾದ ಲೇಪನವನ್ನು ಸವರಿ, ಸತುವಿನ ಅಂಶ ಹೆಚ್ಚಾಗಿರುವ ಎಣ್ಣೆಯನ್ನು ತುಂಬಿ, ಎಂಜಿನ್ನು ಹತ್ತಿಕೊಂಡ ಕ್ಷಣದಿಂದಲೇ ಅದನ್ನು ಮಂದವಾಗಿ ಓಡಲು ಬಿಡದೆ, ನಿಮಿಷಕ್ಕೆ ಸುಮಾರು 2000 ಸುತ್ತಿನ ವೇಗದಲ್ಲಿ 20 ನಿಮಿಷ ನಡೆಸಬೇಕು. ಮಂದವಾಗಿ ಓಡಿದರೆ ಕ್ರ್ಯಾಂಕಿನಿಂದ ಚಿಮ್ಮುವ ಎಣ್ಣೆ ಕ್ಯಾಮುಗಳಿಗೆ ಸಾಕಷ್ಟು ಮುಟ್ಟದೆ ಅವು ಹುಟ್ಟಿದ ಕೂಡಲೇ ಕೆಡುತ್ತವೆ. ಆ 20 ನಿಮಿಷದಲ್ಲಿ ಒಂದೊಂದು ಟ್ಯಾಪೆಟ್ಟಿಗೂ ತನ್ನ ಕ್ಯಾಮಿನ ಪರಿಚಯವಾಗುತ್ತದೆ. ಅದಕ್ಕೆ ಮುಂಚೆ ಹದಿನಾರರಲ್ಲಿ ಯಾವುದನ್ನು ಎಲ್ಲಿಟ್ಟಿದ್ದರೂ ನಡೆಯುತ್ತಿತ್ತು. ಆ ಬಳಿಕ, ಅವನೋ ಅವನ ಮಗನೋ ಆ ಎಂಜಿನ್ನನ್ನು ಮತ್ತೊಮ್ಮೆ ತೆರೆಯಬೇಕಾಗಿ ಬಂದರೆ, ಪ್ರತಿಯೊಂದಕ್ಕೂ ಅದರ ನೆಲೆಯ ಸಂಖ್ಯೆಯನ್ನು ಬರೆದೇ ಹೊರಗೆ ತೆಗೆಯಬೇಕು.